ಎಂಟನೇ ಕ್ಲಾಸಿನ ಮಗಳಿಗೆ ಯಾವ ಡಿಕ್ಷನರಿ ಕೊಡಿಸಲಿ?

ಮಗಳದ್ದು ಕನ್ನಡ ಮಾಧ್ಯಮ, ಇಂಗ್ಲಿಷ್–ಕನ್ನಡ ಡಿಕ್ಷನರಿ ಕೊಡಿಸಲೋ, ಇಂಗ್ಲಿಷ್–ಇಂಗ್ಲಿಷ್ ಕೊಡಿಸಲೋ, ಮೊಬೈಲೇ ಸಾಕೋ ಅಂತ ಕೇಳಿದ್ದೀರಿ. ನಾನು ಗಂಗಾವತಿ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಈಗ ಇಂಗ್ಲಿಷ್–ಕನ್ನಡದ್ದೇ ಕೊಡಿಸಿ. ಆದರೆ ನೋಡುವುದು ಹೇಗೆ ಅಂತ ಹೇಳಿಕೊಡದಿದ್ದರೆ ಯಾವುದು ಕೊಡಿಸಿದರೂ ಅಷ್ಟೇ.

ನಮ್ಮದು ತುಂಗಭದ್ರಾ ಕಾಲುವೆ ಊರು, ಸುತ್ತಲೂ ಭತ್ತ. ಒಮ್ಮೆ ಅಪ್ಪನ ಬಗ್ಗೆ ಐದು ಸಾಲು ಬರೆಯಿರಿ ಅಂದೆ. ಒಬ್ಬ ಹುಡುಗ 'ಮೈ ಫಾದರ್ ಕ್ರಾಪ್ಸ್ ಪ್ಯಾಡಿ' ಅಂತ ಬರೆದ. ಯಾಕಪ್ಪಾ ಅಂದರೆ, "ಸರ್, ಬೆಳೆ ಅಂದ್ರ ಕ್ರಾಪ್ ಅಂತ ಐತ್ರೀ ಇದರಾಗ" ಅಂದ. ಹೌದು, ಐತಿ. ಕನ್ನಡದಲ್ಲಿ ಹೊಲದಲ್ಲಿ ನಿಂತಿರುವುದೂ ಬೆಳೆ, ಬೆಳೆಯುವ ಕೆಲಸವೂ ಬೆಳೆ. ಇಂಗ್ಲಿಷಿನಲ್ಲಿ ಮೊದಲನೆಯದು ಕ್ರಾಪ್, ಎರಡನೆಯದು ಗ್ರೋ. ಕ್ರಾಪ್ ಅನ್ನುವುದು ಕ್ರಿಯಾಪದವಾದರೆ ಹೆಚ್ಚಾಗಿ ಕತ್ತರಿಸು ಅಂತ. ಮೊಬೈಲಿನಲ್ಲಿ ಫೋಟೊ ಕ್ರಾಪ್ ಮಾಡ್ತೀವಲ್ಲ, ಅದೇ. ಅಪ್ಪ ಭತ್ತಕ್ಕೆ ಕತ್ತರಿ ಹಾಕಿದಂತಾಯ್ತು ನೋಡು ಅಂದೆ. ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ಸರಿ, 'ನಾನು ಗಂಗಾವತಿಯಲ್ಲಿ ಬೆಳೆದೆ' ಅನ್ನು ಅಂದರೆ ಅಲ್ಲಿ ಮತ್ತೆ ಬರೀ ಗ್ರೋ ಸಾಲದು, 'ಗ್ರೂ ಅಪ್' ಆಗಬೇಕು.

ಅವನು ಅರ್ಥ ನೋಡಿದ್ದ, ಪಕ್ಕದಲ್ಲಿದ್ದ ಸಣ್ಣ 'ಎನ್' ನೋಡಿರಲಿಲ್ಲ. ಎನ್ ಅಂದರೆ ನಾಮಪದ, ವಿ ಅಂದರೆ ಕ್ರಿಯಾಪದ. ಮಗಳಿಗೆ ಮೊದಲು ಇದನ್ನು ತೋರಿಸಿ. ಕನ್ನಡ ಪದಕ್ಕೆ ಇಂಗ್ಲಿಷ್ ಬೇಕಾದಾಗ ಅಲರ್ ಅನ್ನುವ ಉಚಿತ ವೆಬ್‌ಸೈಟ್ ಇದೆ, ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಮಾಡಿದ ನಿಘಂಟು ಅದು. ಅಲ್ಲೂ ನಾಮಪದ, ಕ್ರಿಯಾಪದ ಅಂತ ಬೇರೆ ಬೇರೆ ಹಾಕಿದ್ದಾರೆ.

ಇನ್ನೊಂದು ತೊಡಕು, ಹುಡುಕುವುದು. 'ಸ್ಟಡೀಸ್' ಸಿಗಲಿಲ್ಲ ಸರ್ ಅಂತ ಬರುತ್ತಾರೆ. ಮೂಲರೂಪ ಸ್ಟಡಿ, ಅದನ್ನೇ ಹುಡುಕಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ಒಂದೆರಡು ವರ್ಷ ಕಳೆದ ಮೇಲೆ ಇಂಗ್ಲಿಷ್–ಇಂಗ್ಲಿಷ್ ಕೊಡಿಸಿ. ಆದರೆ ಲರ್ನರ್ಸ್ ಡಿಕ್ಷನರಿಯೇ ಆಗಿರಲಿ. ಅದು ಹುಟ್ಟಿದ್ದೇ ಇಂಗ್ಲಿಷ್ ಮನೆಮಾತಲ್ಲದ ನಮ್ಮಂಥವರಿಗಾಗಿ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅವರ ಡಿಕ್ಷನರಿ 1942ರಲ್ಲಿ ಮೊದಲು ಬಂದದ್ದು ಜಪಾನಿನಲ್ಲೇ. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ಪ್ರಕಟಿಸಿತು. ಲಾಂಗ್‌ಮನ್ ಪ್ರಕಾಶನದವರು 1978ರಲ್ಲಿ ತಂದದ್ದರಲ್ಲಿ ಅರ್ಥ ವಿವರಿಸಲು ಸುಮಾರು 2,000 ಸುಲಭ ಪದಗಳನ್ನಷ್ಟೇ ಇಟ್ಟುಕೊಂಡರು. ಒಂದು ಪದದ ಅರ್ಥ ತಿಳಿಯಲು ಇನ್ನೂ ನಾಲ್ಕು ಪದ ಹುಡುಕುವ ಗೋಳು ಇಲ್ಲ. 'ಅಡ್ವೈಸ್' ಪಕ್ಕದಲ್ಲಿ 'ಯು' ಅಂತ ಇರುತ್ತದೆ, ಎಣಿಸಲಾಗದ್ದು ಅಂತ. ಹಾಗಾಗಿ 'ಅಡ್ವೈಸಸ್' ಇಲ್ಲ. 'ಡಿಸ್ಕಸ್' ಕೆಳಗಿನ ವಾಕ್ಯಗಳನ್ನು ಓದಿದರೆ ಅದರ ನಂತರ 'ಅಬೌಟ್' ಬರುವುದಿಲ್ಲ ಅಂತ ತಾನೇ ಕಾಣುತ್ತದೆ. ನಾನೇ ಇದನ್ನು ತಿಳಿದದ್ದು ಬಿ.ಎಡ್. ಆದ ಮೇಲೆ, ಬಿಡಿ.

ಮೊಬೈಲು ಉಚ್ಚಾರಣೆಗೆ ಒಳ್ಳೆಯದು. 'ವೆಜಿಟೇಬಲ್'ನಲ್ಲಿ ಟೇಬಲ್ ಇಲ್ಲ ಅಂತ ಕಿವಿಯಲ್ಲೇ ಕೇಳಬೇಕು. ಆದರೆ ಇಡೀ ವಾಕ್ಯ ಅನುವಾದ ಮಾಡಿಸಿ ಬರೆದುಕೊಳ್ಳುವುದಕ್ಕೆ ಬಿಡಬೇಡಿ. ದಿನಕ್ಕೆ ಹತ್ತು ಪದ ಬಾಯಿಪಾಠವೂ ಬೇಡ. ಪಾಠ ಓದುವಾಗ ಯಾವುದು ಅಡ್ಡ ಬಂತೋ ಅದೊಂದನ್ನು ನೋಡಲಿ, ಕೆಳಗಿನ ಉದಾಹರಣೆ ವಾಕ್ಯ ಬರೆದುಕೊಳ್ಳಲಿ, ಆಮೇಲೆ ತನ್ನ ಮನೆಯದೇ ಒಂದು ವಾಕ್ಯ ಮಾಡಲಿ.

ಅಂಗಡಿಯಲ್ಲಿ ಹಳೆಯ ಆವೃತ್ತಿ ಕೊಟ್ಟರೂ ಪರವಾಗಿಲ್ಲ. ಪಾಕೆಟ್ ಸೈಜಿನದು ಮಾತ್ರ ತರಬೇಡಿ. ಜಾಗ ಉಳಿಸಲು ಅದರಲ್ಲಿ ಮೊದಲು ಕತ್ತರಿ ಬೀಳುವುದೇ ಉದಾಹರಣೆ ವಾಕ್ಯಗಳಿಗೆ.