ಪದ್ಯ ಬಾರದ ಆಲಾಪನೆ

ಪ್ರಶ್ನೆ: ಹೋದ ಸಂಚಿಕೆಯಲ್ಲಿ ಬ್ರೆಜಿಲಿನ ಮಿಲ್ಟನ್ ನಾಸಿಮೆಂಟೊ ಅವರ 1973ರ ಆಲ್ಬಮ್ ಬಗ್ಗೆ ಎರಡು ಸಾಲು ಬರೆದಿದ್ದಿರಿ. ಸೈನಿಕ ಸರ್ಕಾರಕ್ಕೆ ಎದುರು ನಿಂತ ಆಲ್ಬಮ್ ಅಂದಿರಿ. ಹುಡುಕಿ ಕೇಳಿದೆ. ಕೆಲವು ಹಾಡುಗಳಲ್ಲಿ ಮಾತೇ ಇಲ್ಲ, ಬರೀ ದನಿ. ಆಲಾಪನೆ ನಮ್ಮ ಯಕ್ಷಗಾನದ ಭಾಗವತರೂ ಮಾಡುತ್ತಾರೆ. ಇದರಲ್ಲಿ ಎದುರು ನಿಲ್ಲುವುದು ಎಲ್ಲಿ ಬಂತು?
(ಓದುಗರೊಬ್ಬರು, ಪೆರ್ಲ)

ಉತ್ತರ: ನಾನೂ ಎಷ್ಟೋ ವರ್ಷ ಹೀಗೇ ಅಂದುಕೊಂಡಿದ್ದೆ. ಉದುಮದ ಗೆಳೆಯನೊಬ್ಬ ಹಡಗಿನ ಕೆಲಸದಲ್ಲಿದ್ದ. ಸಾಂಟೋಸ್ ಬಂದರಿನಲ್ಲಿ ಕೊಂಡ ಕ್ಯಾಸೆಟ್ಟನ್ನು ರಜೆಯಲ್ಲಿ ಬಂದಾಗ ಕುಂಬಳೆಯ ನಮ್ಮ ಮನೆಗೆ ತಂದುಕೊಟ್ಟ. ಹೆಸರು ‘ಮಿಲಾಗ್ರೆ ದೋಸ್ ಪೇಶಿಸ್’. ಮಂಗಳೂರು ಹಂಪನಕಟ್ಟೆಯ ಮಿಲಾಗ್ರಿಸ್ ಚರ್ಚ್ ನೋಡಿದ್ದೀರಲ್ಲ, ಅದೇ ಪೋರ್ಚುಗೀಸ್ ಪದ. ಮೀನುಗಳ ಪವಾಡ ಅಂತ ಅರ್ಥ.

ನಮ್ಮ ಕರಾವಳಿಯ ಗಾಳಿಗೆ ಕ್ಯಾಸೆಟ್ ಜಾಸ್ತಿ ದಿನ ತಾಳುವುದಿಲ್ಲ. ಟೇಪಿನ ಹಿಂದೆ ಸಣ್ಣ ಫೆಲ್ಟ್ ತುಂಡು ಇರುತ್ತದೆ ನೋಡಿ, ಅದು ಉದುರಿ ಹೋಯಿತು. ಹಳೆ ಉಣ್ಣೆ ಬಟ್ಟೆಯ ಚೂರು ಕತ್ತರಿಸಿ ಅಂಟಿಸಿದೆ. ಮತ್ತೆ ಹಾಡಿತು. ಒಂದು ಹಾಡಿನಲ್ಲಿ ಭಾಷೆ ಇದೆ, ಇನ್ನೊಂದರಲ್ಲಿ ಇಲ್ಲ. ಈ ಮನುಷ್ಯನಿಗೆ ಆಲಾಪನೆ ಅಂದರೆ ಇಷ್ಟ ಇರಬೇಕು ಅಂದುಕೊಂಡೆ. ಮನೆಗೆ ಪಾಠಕ್ಕೆ ಬರುತ್ತಿದ್ದ ಮಕ್ಕಳಿಗೂ ಹಾಗೇ ಹೇಳಿದ್ದೆ. ಅದು ತಪ್ಪು.

ಬ್ರೆಜಿಲಿನಲ್ಲಿ 1964ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. 1985ರವರೆಗೆ ಬಿಡಲಿಲ್ಲ. 1968ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬೀಗ ಹಾಕಿದರು. ಅದೇ ತಿಂಗಳು ಕೈತಾನೊ ವೆಲೋಸೊ, ಜಿಲ್ಬೆರ್ತೊ ಜಿಲ್ ಎಂಬ ಇಬ್ಬರು ಹಾಡುಗಾರರನ್ನು ಹಿಡಿದು ಒಳಗೆ ಹಾಕಿದರು. ಮರುವರ್ಷ ಅವರು ದೇಶ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಹಾಡಿನ ರೆಕಾರ್ಡ್ ಹೊರಬರುವ ಮೊದಲೇ ಸಾಹಿತ್ಯ ಸೆನ್ಸಾರಿನವರ ಮೇಜಿಗೆ ಹೋಗಬೇಕು. ಮಿಲ್ಟನ್ ಅವರ ಈ ಆಲ್ಬಮ್ಮಿನ ಮೂರು ಹಾಡುಗಳ ಸಾಹಿತ್ಯಕ್ಕೆ ಅಲ್ಲಿ ಕತ್ತರಿ ಬಿತ್ತು. ಆ ಹಾಡುಗಳನ್ನೇ ಬಿಟ್ಟುಬಿಡಬಹುದಿತ್ತು. ಇಲ್ಲವೇ ಸಪ್ಪೆ ಮಾತು ಬರೆಸಿ ತುಂಬಿಸಬಹುದಿತ್ತು. ಮಿಲ್ಟನ್ ಎರಡೂ ಮಾಡಲಿಲ್ಲ. ರಾಗ ಹಾಗೇ ಇಟ್ಟು, ಮಾತಿನ ಜಾಗದಲ್ಲಿ ಬಹುಪಾಲು ಬರೀ ದನಿಯಲ್ಲೇ ಹಾಡಿದರು. ಕೂಗಿದರು, ನರಳಿದರು, ತೀರಾ ಎತ್ತರದ ಕಳ್ಳದನಿಗೆ ಏರಿದರು. ಜೊತೆಗೆ ನನಾ ವಾಸ್ಕೊನ್ಸೆಲೋಸ್ ಎಂಬವರ ತಾಳವಾದ್ಯ.

ಭಾಗವತರ ಆಲಾಪನೆ ಬೇರೆ. ಅವರು ರಾಗ ಎಳೆಯುವಾಗ ಹಿಂದೆಯೇ ಪದ್ಯ ಬರುತ್ತದೆ ಅಂತ ಚೌಕಿಯಲ್ಲಿ ಬಣ್ಣ ಹಚ್ಚುತ್ತಾ ಕೂತವರಿಗೂ ಗೊತ್ತು. ಇಲ್ಲಿ ನಾವು ಪದ್ಯಕ್ಕೆ ಕಾಯುತ್ತೇವೆ. ಅದು ಬರುವುದಿಲ್ಲ. ಯಾಕೆ ಬರಲಿಲ್ಲ ಅಂತ ಕೇಳಿದವನಿಗೆ ಉತ್ತರ ಸಿಕ್ಕೇ ಸಿಗುತ್ತದೆ, ಅಲ್ವಾ? ಎದುರು ನಿಂತದ್ದು ಅಲ್ಲಿ. ನಮ್ಮಲ್ಲೂ 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಕೆಲವು ಪತ್ರಿಕೆಗಳು ಸಂಪಾದಕೀಯದ ಜಾಗ ಖಾಲಿ ಬಿಟ್ಟೇ ಅಚ್ಚು ಹಾಕಿದ್ದವು. ಅಂಥ ಒಂದು ಹಾಳೆಯನ್ನು ನಮ್ಮ ತಂದೆ ಮಡಚಿ ಪಂಚಾಂಗದ ನಡುವೆ ಇಟ್ಟಿದ್ದರು. ಖಾಲಿ ಚೌಕದ ಸುತ್ತ ಗೆರೆ ಮಾತ್ರ. ಮಿಲ್ಟನ್ ಅವರ ಆ ಮೂರು ಹಾಡು ಕೇಳುವಾಗ ನನಗೆ ಕಾಣುವುದು ಆ ಗೆರೆ.

ಪ್ರಶ್ನೆ: ಸೆನ್ಸಾರಿನವರ ಕಣ್ಣು ತಪ್ಪಿಸಿ ಮಾತನ್ನೇ ದಾಟಿಸಿದವರು ಯಾರೂ ಇರಲಿಲ್ಲವೇ?
(ಓದುಗರೊಬ್ಬರು, ಮಂಜೇಶ್ವರ)

ಉತ್ತರ: ಇದ್ದರು. ಬ್ರೆಜಿಲಿನವರೇ ಆದ ಹಾಡುಗಾರ ಚಿಕೊ ಬುವಾರ್ಕಿ. ಅವರ ಹೆಸರು ಕಂಡರೆ ಸಾಕು, ಹಾಡು ವಾಪಸು ಬರುತ್ತಿತ್ತು. 1974ರಲ್ಲಿ ಅವರು ಬೇರೆಯವರ ಹಾಡುಗಳನ್ನೇ ಹಾಡಿ ಒಂದು ಆಲ್ಬಮ್ ತಂದರು. ಅದರಲ್ಲಿ ಜುಲಿನ್ಯೊ ದ ಅಡಲೈಡ್ ಎಂಬ ಹೊಸಬನದೂ ಒಂದು ಹಾಡಿತ್ತು. ಹಾಗೊಬ್ಬ ಮನುಷ್ಯನೇ ಇರಲಿಲ್ಲ, ಅದು ಚಿಕೊ ಅವರೇ! ಆ ಹೆಸರಿನಲ್ಲಿ ಪತ್ರಿಕೆಗೆ ಸಂದರ್ಶನವನ್ನೂ ಕೊಟ್ಟರು. ಹಾಡಿನಲ್ಲಿ ಗಂಡ ರಾತ್ರಿ ಹೆಂಡತಿಯನ್ನು ಎಬ್ಬಿಸುತ್ತಾನೆ. ಬಾಗಿಲಲ್ಲಿ ಪೊಲೀಸರು ಬಂದಿದ್ದಾರೆ. ಬೇಗ ಕಳ್ಳನನ್ನು ಕರೆ ಅನ್ನುತ್ತಾನೆ. ಮನೆ ಕಾಯುವವರೇ ಮನೆ ನುಗ್ಗುವ ಕಾಲವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಗುಟ್ಟು ಬಯಲಾದ ಮೇಲೆ ಹಾಡು ಬರೆದವರು ಗುರುತಿನ ದಾಖಲೆಯನ್ನೂ ಕೊಡಬೇಕು ಅಂತ ಸೆನ್ಸಾರಿನವರು ನಿಯಮ ತಂದರು.

ಎರಡರಲ್ಲಿ ನನಗೆ ಯಾವುದು ಹತ್ತಿರ ಅಂತ ಕೇಳಿದರೆ, ಮಿಲ್ಟನ್ ಅವರದು. ಚಿಕೊ ಅವರ ಜಾಣತನಕ್ಕೆ ಕೈಮುಗಿಯುತ್ತೇನೆ. ಆದರೆ ರಾತ್ರಿ ನಿದ್ದೆ ಬಾರದಾಗ ಕಿವಿಯಲ್ಲಿ ಉಳಿಯುವುದು ಆ ಮಾತಿಲ್ಲದ ದನಿ.

ಪ್ರಶ್ನೆ: ನನಗೆ ಪೋರ್ಚುಗೀಸ್ ಬರುವುದಿಲ್ಲ. ಮಿಲ್ಟನ್ ಅವರ ಆ ಆಲ್ಬಮ್ಮಿನಲ್ಲಿ ಯಾವ ಹಾಡಿನಿಂದ ಶುರು ಮಾಡಲಿ?
(ಓದುಗರೊಬ್ಬರು, ತಾಳವಾಡಿ)

ಉತ್ತರ: ‘ಓಸ್ ಎಸ್ಕ್ರಾವೋಸ್ ದಿ ಜೋ’. ಕತ್ತರಿ ಬಿದ್ದ ಮೂರರಲ್ಲಿ ಅದೂ ಒಂದು. ಹೆಸರು ಅಲ್ಲಿನ ಮಕ್ಕಳ ಆಟದ ಹಾಡಿನದು. ಮಕ್ಕಳು ಸುತ್ತ ಕೂತು, ತಾಳ ತಪ್ಪದೆ, ಕೈಯಲ್ಲಿರುವ ಕಲ್ಲನ್ನು ಪಕ್ಕದವರಿಗೆ ದಾಟಿಸುತ್ತಾ ಹಾಡುತ್ತಾರೆ. ಭಾಷೆಯ ಚಿಂತೆ ಬಿಡಿ. ಮನೆಯವರೆಲ್ಲ ಮಲಗಿದ ಮೇಲೆ, ದೀಪ ಆರಿಸಿ, ಒಂದು ಸಲ ಪೂರ್ತಿ ಕೇಳಿ. ಆಮೇಲೆ ನನಗೊಂದು ಕಾರ್ಡು ಬರೆಯಿರಿ. ಉದುಮದ ಗೆಳೆಯ ಈಗ ಹಡಗು ಬಿಟ್ಟು ಮನೆಯಲ್ಲಿದ್ದಾನೆ, ಅವನಿಗೂ ಓದಿ ಹೇಳುತ್ತೇನೆ.