ಪ್ರತಿಕ್ರಿಯೆ: ಲಿವರ್‌ಗೆ ಬೇರೆ ಕಾಂಟ್ರಾಸ್ಟ್ ಯಾಕೆ?

ನಮಸ್ಕಾರ ರೀ. ನಿಮ್ಮ ತಂದೆಯವರಿಗೆ ಕಲಬುರಗಿಯಲ್ಲಿ ಲಿವರ್ ಎಂಆರ್‌ಐ ಬರೆದಿದ್ದಾರೆ. ಮಾಮೂಲಿ ಕಾಂಟ್ರಾಸ್ಟ್ (ಸ್ಕ್ಯಾನ್ ಚಿತ್ರದಲ್ಲಿ ಅಂಗ ಎದ್ದು ಕಾಣಲು ಚುಚ್ಚುವ ಔಷಧ) ಬಿಟ್ಟು ಗ್ಯಾಡಾಕ್ಸೆಟೇಟ್ ಎಂಬ ಬೇರೆ ಕಾಂಟ್ರಾಸ್ಟ್ ಯಾಕೆ, ಚುಚ್ಚಿದ ಮೇಲೆ 20 ನಿಮಿಷ ಯಾಕೆ ಕಾಯಿಸುತ್ತಾರೆ ಅಂತ ಬೀದರ್‌ನಿಂದ ಕೇಳಿದ್ದೀರಿ.

ಎರಡರಲ್ಲೂ ಇರುವ ಲೋಹ ಒಂದೇ, ಗ್ಯಾಡೊಲಿನಿಯಂ. ಬಿಡಿಯಾಗಿ ಅದು ವಿಷ. ಅದಕ್ಕೇ ಒಂದು ಅಣುವಿನೊಳಗೆ ಬಿಗಿಯಾಗಿ ಕಟ್ಟಿ ಕೊಡುತ್ತಾರೆ. ಮಾಮೂಲಿ ಔಷಧ ರಕ್ತದ ಜೊತೆ ಸುತ್ತಿ ಮೂತ್ರದಲ್ಲಿ ಹೋಗಿಬಿಡುತ್ತದೆ. ಗ್ಯಾಡಾಕ್ಸೆಟೇಟ್‌ನಲ್ಲಿ ಆ ಅಣುವಿಗೆ ಈಥಾಕ್ಸಿಬೆಂಜೈಲ್ ಎಂಬ ಚಿಕ್ಕ ಬಾಲ ಸೇರಿಸಿದ್ದಾರೆ. ಆ ಬಾಲ ಇರುವುದರಿಂದ ಲಿವರ್ ಕೋಶದ ಒಎಟಿಪಿ ಅನ್ನೋ ಬಾಗಿಲು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸುಮಾರು ಅರ್ಧ ಪಿತ್ತದಲ್ಲಿ, ಉಳಿದರ್ಧ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ಇಷ್ಟು ದೊಡ್ಡ ಉಪಯೋಗ! ನನಗಂತೂ ಬಹಳ ಸೊಗಸಾದ ಕೆಲಸ ಅನಿಸುತ್ತದೆ.

ಕೋಶದೊಳಗೆ ತುಂಬಿಕೊಳ್ಳಲು ಹೊತ್ತು ಬೇಕಲ್ವಾ, 20 ನಿಮಿಷ ಅದಕ್ಕೇ. ಆಗ ಆರೋಗ್ಯವಾಗಿರುವ ಲಿವರ್ ಬೆಳ್ಳಗೆ ಕಾಣುತ್ತದೆ. ಬೇರೆ ಅಂಗದಿಂದ ಹರಡಿದ ಗಡ್ಡೆಯಲ್ಲಿ ಲಿವರ್ ಕೋಶಗಳೇ ಇರುವುದಿಲ್ಲ, ಅದು ಕಪ್ಪಾಗಿ ಉಳಿಯುತ್ತದೆ. ಆದರೆ ಕಪ್ಪು ಕಂಡಿದ್ದೆಲ್ಲ ಕ್ಯಾನ್ಸರ್ ಅಲ್ಲ, ನೀರು ತುಂಬಿದ ಗುಳ್ಳೆಯೂ ಹಾಗೇ ಕಾಣುತ್ತದೆ. ಸುಮ್ನೆ ಫಿಲ್ಮ್ ನೋಡಿ ಹೆದರಬೇಡಿ.

ಒಂದು ಮಾತು ಮುಖ್ಯ. ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಅಂಶ) 3 mg/dL ದಾಟಿದ್ದರೆ ಲಿವರ್ ಈ ಔಷಧವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಚಿತ್ರ ಮಂಕಾಗಬಹುದು. ಕಿಡ್ನಿ ತೊಂದರೆ ಇದ್ದರೂ ಮೊದಲೇ ಹೇಳಿ. ಹುಮನಾಬಾದ್ ದಾಟಿ ಅಷ್ಟು ದೂರ ಹಿರಿಯರನ್ನು ಕರೆತರುತ್ತೀರಿ. ಹೊರಡುವ ಮುಂಚೆ ಬಿಲಿರುಬಿನ್, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ರಿಪೋರ್ಟ್ ಎತ್ತಿಟ್ಟುಕೊಳ್ಳಿ. ಸ್ಕ್ಯಾನಿಂಗ್ ಸೆಂಟರ್‌ಗೆ ಫೋನ್ ಮಾಡಿ, ಇದೇ ಔಷಧ ಇದೆಯಾ ಅಂತ ಕೇಳಿಕೊಂಡೇ ಬನ್ನಿ.