ಕೊಟ್ಟ ಅಕ್ಷರಗಳಿಂದ ಇಂಗ್ಲಿಷ್ ಪದ ಹುಡುಕೋದು ಹೇಗೆ?

ನಿಮ್ಮ ಮಗಳು ಐದನೇ ಕ್ಲಾಸು. ಹೋಂವರ್ಕ್‌ನಲ್ಲಿ ಎ, ಸಿ, ಇ, ಎಚ್, ಟಿ ಅಂತ ಐದು ಅಕ್ಷರ ಕೊಟ್ಟು, ಎಷ್ಟಾಗುತ್ತೋ ಅಷ್ಟು ಇಂಗ್ಲಿಷ್ ಪದ ಮಾಡಲು ಹೇಳಿದ್ದಾರೆ. ‘ಟೀಚ್’ ಆದಮೇಲೆ ಮುಂದೆ ಹೊಳೀತಿಲ್ಲ, ವೆಬ್‌ಸೈಟ್‌ನಲ್ಲಿ ಹಾಕಿ ಉತ್ತರ ತೆಗೆದುಕೊಡಲಾ ಅಂತ ಕೇಳಿದ್ದೀರಿ.

ಕೊಡಿ, ಆದರೆ ಮೊದಲು ಒಂದು ಹತ್ತು ನಿಮಿಷ ಅವಳ ಜೊತೆ ಕೂತುಕೊಳ್ಳಿ. ನಾನು ಕಲಬುರಗಿಯಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಈ ಆಟ ವರ್ಷವಿಡೀ ಆಡಿಸುತ್ತೇನೆ. ಮಕ್ಕಳು ಎಲ್ಲಿ ನಿಂತುಬಿಡುತ್ತಾರೆ ಅನ್ನೋದು ನೋಡಿ ನೋಡಿ ಗೊತ್ತಾಗಿದೆ. ಅವರು ಪದವನ್ನು ಕಿವಿಯಿಂದ ಹುಡುಕುತ್ತಾರೆ. ಕನ್ನಡದಲ್ಲಿ ಅದು ನಡೆಯುತ್ತದೆ, ಬರೆದ ಹಾಗೇ ಓದುತ್ತೇವೆ ಅಲ್ವಾ? ಪದಬಂಧದಲ್ಲಿ ‘ಸ್ತ್ರೀ’ ಅನ್ನೋದು ಒಂದೇ ಮನೆಯಲ್ಲಿ ಕೂರುತ್ತದೆ. ಒತ್ತು, ದೀರ್ಘ ಎಲ್ಲ ಅದರೊಳಗೇ. ಇಂಗ್ಲಿಷ್‌ನಲ್ಲಿ ಒಂದೊಂದು ಅಕ್ಷರಕ್ಕೂ ಬೇರೆ ಮನೆ. ಅದರಲ್ಲೂ ಕೆಲವು ಅಕ್ಷರ ಸುಮ್ನೆ ಕೂತಿರುತ್ತವೆ, ಬಾಯೇ ಬಿಡೋದಿಲ್ಲ.

ಹೋದ ವರ್ಷ ಎಂಟನೇ ಕ್ಲಾಸಿಗೆ ಇ, ಐ, ಎಲ್, ಎನ್, ಎಸ್, ಟಿ ಅಂತ ಬರೆದ ಆರು ಚೀಟಿ ಕೊಟ್ಟಿದ್ದೆ. ಒಬ್ಬ ಹುಡುಗಿ ‘ಸೈಲೆಂಟ್’ ಬೇಗ ಜೋಡಿಸಿದಳು. ಅದೇ ಆರು ಚೀಟಿಯಲ್ಲಿ ‘ಲಿಸನ್’ ಕೂಡ ಇದೆ ಅಂದೆ. ಅವಳು ಒಪ್ಪಲಿಲ್ಲ. ನಾನು ಜೋಡಿಸಿ ತೋರಿಸಿದಾಗ ಟಿ ಚೀಟಿಯ ಮೇಲೆ ಬೆರಳಿಟ್ಟು ಕೇಳಿದಳು, “ಇದು ಕೇಳ್ಸಂಗೇ ಇಲ್ಲಲ್ರೀ ಸರ್, ಹ್ಯಾಂಗ ಬಂತು?” ಆ ಬೆರಳು ನನಗೆ ಇನ್ನೂ ಕಣ್ಣ ಮುಂದಿದೆ. ಅವತ್ತಿನಿಂದ ಅವಳು ಆ ಪದದಲ್ಲಿ ಟಿ ಬಿಟ್ಟು ಬರೆದಿಲ್ಲ. ವೆಬ್‌ಸೈಟ್‌ನಿಂದ ಪಟ್ಟಿ ತೆಗೆದುಕೊಟ್ಟಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. (ಅದೇ ಆರರಲ್ಲಿ ಎನ್‌ಲಿಸ್ಟ್, ಟಿನ್ಸೆಲ್, ಇನ್‌ಲೆಟ್ಸ್ ಕೂಡ ಇವೆ.)

ನಮ್ಮ ಚೀಟಿಗಳು ಹಳೇ ಲಗ್ನಪತ್ರಿಕೆ ಕತ್ತರಿಸಿ ಮಾಡಿದವು. ದಪ್ಪ ಕಾಗದ, ಬೇಗ ಹರಿಯೋದಿಲ್ಲ. ಯಾವ ಅಕ್ಷರ ಎಷ್ಟು ಬೇಕು ಅನ್ನೋದಕ್ಕೆ ಸ್ಕ್ರಾಬಲ್ ಅನ್ನೋ, ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಆಟದ ಲೆಕ್ಕ ಹಿಡಿದೆವು. ಅಮೆರಿಕದ ಆಲ್ಫ್ರೆಡ್ ಬಟ್ಸ್ ಆ ಆಟ ಮಾಡುವಾಗ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಕೂತು ಎಣಿಸಿದ್ದರು. 100 ಬಿಲ್ಲೆಗಳಲ್ಲಿ ಇ ಒಂದೇ 12, ಕ್ಯೂ ಮತ್ತು ಝಡ್ ಒಂದೊಂದೇ. ಎಸ್ ಬರೀ 4, ಇಲ್ಲದಿದ್ದರೆ ಎಲ್ಲರೂ ಪದದ ಕೊನೆಗೆ ಎಸ್ ಅಂಟಿಸುತ್ತಲೇ ಹೋಗುತ್ತಾರೆ.

ಇನ್ನು ಕೈಯಲ್ಲಿ ಹುಡುಕೋ ರೀತಿ. ಐದು ಅಕ್ಷರವನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಸಾಲಾಗಿ ಇಡಬೇಡಿ, ದುಂಡಗೆ ಇಡಿ. ಸಾಲಲ್ಲಿ ಇಟ್ಟರೆ ಕಣ್ಣು ಅದನ್ನೇ ಒಂದು ಪದ ಅಂತ ಓದಿಬಿಡುತ್ತದೆ, ಬಿಡಿಸಿಕೊಳ್ಳೋದು ಕಷ್ಟ. ಆಮೇಲೆ ಜೋಡಿಯಾಗಿ ಓಡಾಡುವ ಅಕ್ಷರಗಳನ್ನು ಹಿಡಿಯಿರಿ. ನಿಮ್ಮ ಐದರಲ್ಲಿ ಸಿ ಮತ್ತು ಎಚ್ ಅಂಥ ಜೋಡಿ. ಎರಡನ್ನೂ ಒತ್ತಟ್ಟಿಗೆ ಇಟ್ಟು ಒಮ್ಮೆ ಮುಂದೆ, ಒಮ್ಮೆ ಹಿಂದೆ ಸರಿಸಿ. ಮುಂದಿಟ್ಟರೆ ಚಾಟ್, ಚೀಟ್. ಹಿಂದಿಟ್ಟರೆ ಈಚ್, ಟೀಚ್, ಇ-ಟಿ-ಸಿ-ಎಚ್ ಸೇರಿದ ‘ಎಚ್’. ಆಮೇಲೆ ಜೋಡಿ ಒಡೆಯಿರಿ: ಹೀಟ್, ಹೇಟ್, ಆಕ್ಟ್, ಕ್ಯಾಟ್, ಹ್ಯಾಟ್, ಈಟ್, ಟೀ. ಹೀಟ್‌ಗೂ ಹೇಟ್‌ಗೂ ಅವೇ ನಾಲ್ಕು ಅಕ್ಷರ, ಇ ಕೂತ ಜಾಗ ಮಾತ್ರ ಬೇರೆ. ಇದನ್ನು ಅವಳ ಕೈಯಲ್ಲೇ ಸರಿಸಿಸಿ ತೋರಿಸಿ.

ವೆಬ್‌ಸೈಟ್ ಹೇಗೆ ಹುಡುಕುತ್ತದೆ ಅನ್ನೋದನ್ನೂ ಅವಳಿಗೆ ಹೇಳಬಹುದು, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ಐದು ಅಕ್ಷರವನ್ನು 120 ರೀತಿ ಜೋಡಿಸಬಹುದು, ಏಳಾದರೆ 5040 ರೀತಿ. ಅಷ್ಟನ್ನೂ ಒಂದೊಂದಾಗಿ ನೋಡಬೇಕಿಲ್ಲ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನು ಮೊದಲೇ ಎಬಿಸಿ ಕ್ರಮದಲ್ಲಿ ಜೋಡಿಸಿಟ್ಟರೆ ಸಾಕು. ಟೀಚ್ ಜೋಡಿಸಿದರೂ ಚೀಟ್ ಜೋಡಿಸಿದರೂ ಎ, ಸಿ, ಇ, ಎಚ್, ಟಿ ಅಂತಲೇ ಬರುತ್ತದೆ. ಎರಡೂ ಒಂದೇ ಗೂಡಿಗೆ ಹೋಗಿ ಕೂರುತ್ತವೆ. ನೀವು ಕೇಳಿದಾಗ ಆ ಗೂಡು ತೆರೆದರೆ ಆಯ್ತು.

ಮುಂದೆ ಅವಳಿಗೆ ಇನ್ನೊಂದು ಥರದ ಲೆಕ್ಕವೂ ಬರುತ್ತದೆ: ಈ ಅಕ್ಷರಗಳು ಇರಲೇಬೇಕು, ಬೇರೆಯವೂ ಇರಬಹುದು ಅಂತ. ಉದಾಹರಣೆಗೆ ಎಕ್ಸ್, ಪಿ, ಎನ್. ಇಲ್ಲಿ ಬೇಳೆ ಸಾಣಿಸಿದ ಹಾಗೆ ಸಾಣಿಸಬೇಕು, ಅಪರೂಪದ ಅಕ್ಷರದಿಂದ ಶುರುಮಾಡಿ. ಎಕ್ಸ್ ಇರುವ ಪದಗಳು ಕಡಿಮೆ, ಅದರಲ್ಲಿ ಪಿ ಇರುವವು ಇನ್ನೂ ಕಡಿಮೆ, ಅದರಲ್ಲಿ ಎನ್. ಎಕ್ಸ್‌ಪ್ಲೇನ್, ಎಕ್ಸ್‌ಪೆನ್ಸಿವ್, ಎಕ್ಸ್‌ಪೀರಿಯನ್ಸ್ ತಾನಾಗೇ ಬರುತ್ತವೆ. ಸ್ಫಿಂಕ್ಸ್ ಮಾತ್ರ ನಮಗೆ ಹೊಳೆಯೋದಿಲ್ಲ, ಯಾಕಂದ್ರೆ ಅದರ ಪಿ ಕಿವಿಗೆ ಬೀಳೋದೇ ಇಲ್ಲ. ಇಂಥದ್ದಕ್ಕೆ ಕಂಪ್ಯೂಟರ್ ಒಳ್ಳೇದು. ಎಕ್ಸೆಲ್‌ನಲ್ಲಿ ಪದಗಳ ಪಟ್ಟಿ ಇದ್ದರೆ ಫಿಲ್ಟರ್‌ನಲ್ಲಿ ಅಕ್ಷರದ ಎರಡೂ ಕಡೆ ನಕ್ಷತ್ರದ ಗುರುತು ಹಾಕಿ, ಆ ಅಕ್ಷರ ಎಲ್ಲೇ ಇದ್ದರೂ ಸಿಗುತ್ತದೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅಲ್ಲಿ ಒಂದೇ ಅಕ್ಷರ ಅಂತ ಅರ್ಥ. ಅಚ್ಚಾದ ನಿಘಂಟಿನಲ್ಲಿ ಇದು ಆಗದ ಕೆಲಸ, ಅಲ್ಲಿ ಮೊದಲ ಅಕ್ಷರ ಗೊತ್ತಿರಲೇಬೇಕು.

ನಿಮ್ಮ ಮಗಳ ಐದು ಅಕ್ಷರದಲ್ಲಿ ಇನ್ನೊಂದು ಪದ ನಾನು ಬೇಕಂತಲೇ ಬಿಟ್ಟಿದ್ದೇನೆ. ನಾಲ್ಕು ಅಕ್ಷರ, ಟಿ ಬೇಡ. ತಲೆನೋವು, ಹಲ್ಲುನೋವಿಗೆ ಇಂಗ್ಲಿಷ್‌ನಲ್ಲಿ ಏನಂತಾರೆ ಅಂತ ಕೇಳಿ. ಅವಳು ಬಾಯಲ್ಲಿ ‘ಕ್’ ಅಂತ ಮುಗಿಸುತ್ತಾಳೆ, ಚೀಟಿಯಲ್ಲಿ ಕೆ ಹುಡುಕುತ್ತಾಳೆ. ಹುಡುಕಲಿ, ಆಮೇಲೆ ಸಿ ಮತ್ತು ಎಚ್ ಚೀಟಿಗಳನ್ನು ಅವಳ ಕಡೆ ಸರಿಸಿ.